ಯುಫೋನಿಯಂನ ಕೆಳಗಿನ ಡಿ ಏಕೆ ಏರುತ್ತದೆ?

ಪ್ರಶ್ನೆ: ನಾನು ಬದಿಯಡ್ಕ ಕಡೆಯವನು. ಇಗರ್ಜಿಯ ಬ್ಯಾಂಡಿನಲ್ಲಿ ಯುಫೋನಿಯಂ ಎಂಬ ದೊಡ್ಡ ಹಿತ್ತಾಳೆ ವಾದ್ಯ ಊದುತ್ತೇನೆ. ಮೂರು ವಾಲ್ವಿನ, ಮೀರತ್‌ನಲ್ಲಿ ತಯಾರಾದ ವಾದ್ಯ. ಕೆಳಗಿನ ಡಿ ಮತ್ತು ಸಿ ಶಾರ್ಪ್ ಯಾವಾಗಲೂ ಶ್ರುತಿಗಿಂತ ಏರಿಯೇ ಬರುತ್ತವೆ. ಮೇಲಿನ ಜಿ ಕೂಡ ಹಾಗೆಯೇ. ಬ್ಯಾಂಡ್ ಮಾಸ್ಟರು ಮುಖ್ಯ ಸ್ಲೈಡ್, ಅಂದರೆ ಕೊಳವೆಯ ಉದ್ದ ಹೆಚ್ಚಿಸುವ ಜಾರುಕೊಳವೆ, ಎಳೆಯಲು ಹೇಳುತ್ತಾರೆ. ಎಳೆದರೆ ಈ ಸ್ವರಗಳು ತುಸು ಸುಧಾರಿಸಿ, ಉಳಿದವೆಲ್ಲ ಇಳಿದುಹೋಗುತ್ತವೆ. ಮೇಲಿನ ಇ ಸ್ವರವನ್ನು ಮೊಬೈಲ್ ಟ್ಯೂನರ್ ನೋಡಿಯೇ ಸರಿ ಮಾಡಿಕೊಂಡಿದ್ದೇನೆ, ಆದರೂ ಟ್ರಂಪೆಟ್‌ಗಳ ಜೊತೆ ಅದು ಕಚ್ಚುತ್ತದೆ. ತಪ್ಪು ವಾದ್ಯದ್ದೋ ನನ್ನದೋ? ನಾಲ್ಕು ವಾಲ್ವಿನ ವಾದ್ಯ ಕೊಳ್ಳಬೇಕೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದೇ ಗಂಟಿನಲ್ಲಿವೆ. ಕೆಳಗಿನ ಡಿ, ಸಿ ಶಾರ್ಪ್ ಏರುವುದಕ್ಕೆ ವಾಲ್ವುಗಳ ಲೆಕ್ಕ ಕಾರಣ. ಮೇಲಿನ ಜಿ ಏರುವುದಕ್ಕೆ ಕೊಳವೆಯ ಆಕಾರ ಕಾರಣ. ಇ ಸ್ವರವನ್ನು ನೀವು ಬಹುಶಃ ಮೊದಲು ಸರಿಯಾಗಿಯೇ ಊದುತ್ತಿದ್ದಿರಿ, ಟ್ಯೂನರ್ ನೋಡಿ ಕೆಡಿಸಿಕೊಂಡಿದ್ದೀರಿ. ಮುಖ್ಯ ಸ್ಲೈಡ್ ಈ ಮೂರರಲ್ಲಿ ಯಾವುದಕ್ಕೂ ಮದ್ದಲ್ಲ. ಮಾಸ್ಟರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಇಡೀ ಬ್ಯಾಂಡನ್ನು ಒಂದೇ ಶ್ರುತಿಗೆ ತರುವ ಹೊಣೆ ಅವರದು, ಅದಕ್ಕೆ ಅವರ ಕೈಗೆ ಸಿಗುವುದು ಆ ಒಂದು ಸ್ಲೈಡ್ ಮಾತ್ರ. ಒಳಗಿನ ಉಳಿದ ಕೆಲಸವನ್ನು ಊದುವವರೇ ಮಾಡಿಕೊಳ್ಳಬೇಕು.

ಮೀರತ್ ವಾದ್ಯವಾದ್ದರಿಂದ ಹೀಗಾಯಿತು ಎಂಬ ಅನುಮಾನವಿದ್ದರೆ ಅದನ್ನೂ ಬಿಡಿ. ಮೀರತ್ತಿನ ಜಲಿ ಕೋಠಿಯ ಕುಶಲಕರ್ಮಿಗಳು ಮಾಡಿದರೂ ಲಂಡನ್ನಿನಲ್ಲಿ ಮಾಡಿದರೂ ಮೂರು ವಾಲ್ವಿನ ಸಾಮಾನ್ಯ ಯುಫೋನಿಯಂನಲ್ಲಿ ಡಿ ಏರಿಯೇ ತೀರುತ್ತದೆ. ಹೇಗೆಂದು ನೋಡೋಣ.

ಯುಫೋನಿಯಂನ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು 9 ಅಡಿ ಬರುತ್ತದೆ. ಲೆಕ್ಕಕ್ಕೆ 270 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸ್ವರ ಅರ್ಧ ಹೆಜ್ಜೆ ಇಳಿಯಬೇಕಾದರೆ ಕೊಳವೆ ಸುಮಾರು ಶೇಕಡಾ 6ರಷ್ಟು ಉದ್ದವಾಗಬೇಕು. ಆ ಪ್ರಕಾರ ಎರಡನೆಯ ವಾಲ್ವ್ 16 ಸೆಂಟಿಮೀಟರ್ ಸೇರಿಸುತ್ತದೆ, ಒಂದನೆಯದು 33, ಮೂರನೆಯದು 51. ಒಂದೊಂದನ್ನೇ ಒತ್ತಿದರೆ ಎಲ್ಲವೂ ಸರಿ. ಡಿ ಸ್ವರಕ್ಕೆ ಒಂದು ಮತ್ತು ಮೂರನ್ನು ಒಟ್ಟಿಗೆ ಒತ್ತುತ್ತೀರಿ. 33 ಮತ್ತು 51 ಸೇರಿ 84. ಆದರೆ ಐದು ಅರ್ಧಸ್ವರ ಇಳಿಯಲು ಬೇಕಾದದ್ದು 90ಕ್ಕಿಂತ ತುಸು ಹೆಚ್ಚು. ಒಂದನೆಯ ವಾಲ್ವ್ ಒತ್ತಿದ ಕೂಡಲೇ ಕೊಳವೆ ಉದ್ದವಾಯಿತಲ್ಲ, ಆ ಉದ್ದದ ಕೊಳವೆಯನ್ನು ಇನ್ನೂ ಇಳಿಸಲು ಮೂರನೆಯ ವಾಲ್ವ್ ಕೂಡ ಹೆಚ್ಚು ಉದ್ದ ಕೊಡಬೇಕಿತ್ತು. ಅದರ ಬಳಿ ಇರುವುದು ಅದೇ 51. ಹಾಗಾಗಿ 6 ಸೆಂಟಿಮೀಟರಿಗೂ ಹೆಚ್ಚು ಕೊರತೆ ಬಿದ್ದು, ಸ್ವರ ಸುಮಾರು 30 ಸೆಂಟ್ ಏರುತ್ತದೆ. ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು. ಮೂರೂ ವಾಲ್ವುಗಳನ್ನು ಒತ್ತುವ ಸಿ ಶಾರ್ಪ್‌ನಲ್ಲಿ ಕೊರತೆ 11 ಸೆಂಟಿಮೀಟರ್ ದಾಟುತ್ತದೆ, ಸ್ವರ ಸುಮಾರು 54 ಸೆಂಟ್ ಏರುತ್ತದೆ. ಅಂದರೆ ಅದು ಸಿ ಶಾರ್ಪ್ ಮತ್ತು ಡಿ ಇವೆರಡರ ನಡುವೆ ಎಲ್ಲೋ ನಿಂತಿರುತ್ತದೆ. ಇಷ್ಟು ದೂರವನ್ನು ತುಟಿಯಿಂದ ಇಳಿಸುತ್ತೇನೆಂದು ಹೊರಟರೆ ನಾದವೇ ಸಪ್ಪೆಯಾಗುತ್ತದೆ.

ಮೂರನೆಯ ವಾಲ್ವಿನ ಸ್ಲೈಡ್ ಇರುವುದು ಇದಕ್ಕಾಗಿಯೇ. ನಮ್ಮ ಊರುಗಳ ಬ್ಯಾಂಡುಗಳಲ್ಲಿ ನಾನು ನೋಡುವ ಯುಫೋನಿಯಂಗಳಲ್ಲಿ ಹೆಚ್ಚಿನವುಗಳ ಮೂರನೆಯ ಸ್ಲೈಡ್ ಒಳಗೇ ಹಿಡಿದುಕೊಂಡಿರುತ್ತದೆ. ಕೊಂಡ ದಿನದಿಂದ ಅದನ್ನು ಯಾರೂ ಅಲುಗಿಸಿರುವುದಿಲ್ಲ. ನಿಮ್ಮದು ಅಲುಗುತ್ತದೆಯೇ? ಅಲುಗಿದರೆ ಕೆಳಗೆ ಹೇಳುವ ಕ್ರಮದಲ್ಲಿ ವಾದ್ಯವನ್ನು ಕೂರಿಸಿ. ಇದಕ್ಕೆ ಟ್ಯೂನರ್ ಬೇಡ, ಹಾರ್ಮೋನಿಯಂ ಅಥವಾ ಶ್ರುತಿಪೆಟ್ಟಿಗೆ ಬೇಕು. ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡರೂ ನಡೆಯುತ್ತದೆ.

ಮೊದಲು ಕಾಲು ಗಂಟೆ ಸುಮ್ಮನೆ ಊದಿ ವಾದ್ಯವನ್ನು ಬೆಚ್ಚಗಾಗಿಸಿ. ತಣ್ಣಗಿರುವ ವಾದ್ಯವನ್ನು ಶ್ರುತಿ ಮಾಡಿದ್ದು ವ್ಯರ್ಥ. ನಿಮ್ಮ ಹಾಳೆಯ ಸಿ ಎಂದರೆ ಹಾರ್ಮೋನಿಯಂನ ಕಪ್ಪು ಐದು, ಅಂದರೆ ಐದನೆಯ ಕಪ್ಪು ಮನೆ. ಶ್ರುತಿಯನ್ನು ಅಲ್ಲಿಟ್ಟು ನಡು ಸಿ ಊದಿ, ಮುಖ್ಯ ಸ್ಲೈಡಿನಿಂದ ಸೇರಿಸಿ. ಶ್ರುತಿಯನ್ನು ಬಿಳಿ ಆರಕ್ಕೆ ಬದಲಿಸಿ ಎರಡನೆಯ ವಾಲ್ವಿನಿಂದ ಬಿ ಊದಿ, ಆ ಸ್ಲೈಡನ್ನು ಸರಿಪಡಿಸಿ. ಕಪ್ಪು ನಾಲ್ಕಕ್ಕೆ ಬದಲಿಸಿ ಒಂದನೆಯ ವಾಲ್ವಿನಿಂದ ಬಿ ಫ್ಲಾಟ್ ಊದಿ, ಅದನ್ನೂ ಸರಿಪಡಿಸಿ. ಮೂರನೆಯದನ್ನು ಮಾತ್ರ ಒಂಟಿಯಾಗಿ ಸರಿಪಡಿಸಬೇಡಿ, ಅದನ್ನು ಒಂಟಿಯಾಗಿ ನಾವು ಬಳಸುವುದೇ ಅಪರೂಪ. ಶ್ರುತಿಯನ್ನು ಕಪ್ಪು ಮೂರಕ್ಕೆ ತಂದು, ಎರಡು ಮತ್ತು ಮೂರನ್ನು ಒಟ್ಟಿಗೆ ಒತ್ತಿ ಎ ಫ್ಲಾಟ್ ಊದಿ. ಆ ಸ್ವರ ಶ್ರುತಿಗೆ ಸೇರುವ ತನಕ ಮೂರನೆಯ ಸ್ಲೈಡನ್ನು ಹೊರಗೆ ತನ್ನಿ. ಲೆಕ್ಕದ ಪ್ರಕಾರ ಇದಕ್ಕೆ ಒಂದೂವರೆ ಸೆಂಟಿಮೀಟರ್ ಎಳೆಯಬೇಕಾಗುತ್ತದೆ. ಕೆಲವು ತಯಾರಕರು ಆ ಸ್ಲೈಡನ್ನು ಮೊದಲೇ ತುಸು ಉದ್ದ ಮಾಡಿರುತ್ತಾರೆ, ಆಗ ಇಷ್ಟು ಬೇಡ. ನಿಮ್ಮ ಕಿವಿ ಹೇಳಿದಲ್ಲಿ ನಿಲ್ಲಿಸಿ.

ಇಷ್ಟಾದ ಮೇಲೆ ಶ್ರುತಿಯನ್ನು ಬಿಳಿ ಒಂದಕ್ಕೆ ಹಾಕಿ ಕೆಳಗಿನ ಡಿ ಊದಿ ನೋಡಿ. 30 ಸೆಂಟ್ ಇದ್ದ ಏರಿಕೆ 15ರ ಆಸುಪಾಸಿಗೆ ಬಂದಿರುತ್ತದೆ. 15 ಸೆಂಟನ್ನು ತುಟಿಯಿಂದ ಇಳಿಸುವುದು ಕಷ್ಟವಲ್ಲ. ಸಿ ಶಾರ್ಪ್ ಇನ್ನೂ 40ರಷ್ಟು ಏರಿಯೇ ಇರುತ್ತದೆ. ಸ್ತುತಿಗೀತೆಯ ಕೊನೆಯಲ್ಲಿ ಡಿ ಅಥವಾ ಸಿ ಶಾರ್ಪ್ ಅನ್ನು ಉದ್ದಕ್ಕೆ ಹಿಡಿಯಬೇಕಾದ ಜಾಗವಿದ್ದರೆ, ಅದಕ್ಕೆ ಮುಂಚಿನ ವಿರಾಮದಲ್ಲಿ ಎಡಗೈಯಿಂದ ಮೂರನೆಯ ಸ್ಲೈಡನ್ನು ಇನ್ನಷ್ಟು ಎಳೆದುಕೊಳ್ಳಿ. ಡಿ ಸ್ವರಕ್ಕೆ ಪೂರ್ತಿ ಒಳಗಿನಿಂದ ಅಳೆದು 3 ಸೆಂಟಿಮೀಟರ್, ಸಿ ಶಾರ್ಪ್‌ಗೆ 6 ಸೆಂಟಿಮೀಟರಿಗೆ ಹತ್ತಿರ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಬಾಣ ಹಾಕಿಕೊಳ್ಳಿ, ಸ್ಲೈಡಿನ ಮೇಲೆಯೂ ಗುರುತು ಮಾಡಿಕೊಳ್ಳಿ. ಮೆರವಣಿಗೆಯಲ್ಲಿ ನಡೆಯುತ್ತಾ ಊದುವಾಗ ಇದೆಲ್ಲ ಆಗುವ ಮಾತಲ್ಲ. ಅಲ್ಲಿ ತುಟಿಯೇ ಗತಿ, ಬಯಲಿನಲ್ಲಿ ಅಷ್ಟು ಕೇಳಿಸುವುದೂ ಇಲ್ಲ. ಬೇಳದ ಹಳೆಯ ಇಗರ್ಜಿಯಂಥ ಎತ್ತರದ ಕಟ್ಟಡದೊಳಗೆ ಮಾತ್ರ ಪ್ರತಿ ಸ್ವರವೂ ಮೇಲೆ ಹೋಗಿ ನಿಧಾನವಾಗಿ ಮರಳುತ್ತದೆ. ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಮುಂದಿನದು ಬಂದು ಅದಕ್ಕೆ ತಾಗುತ್ತದೆ. ಅಂಥ ಕಡೆ ಈ ಶ್ರಮ ಖಂಡಿತ ಬೇಕು.

ಒಂದು ಮತ್ತು ಎರಡನ್ನು ಒಟ್ಟಿಗೆ ಒತ್ತುವ ಎ ಮತ್ತು ಕೆಳಗಿನ ಇ ಕೂಡ ಸುಮಾರು 10 ಸೆಂಟ್ ಏರುತ್ತವೆ. ಅದೇ ಬೆರಳುಗಳಿಂದ ಊದುವ ಮೇಲಿನ ಸಿ ಶಾರ್ಪ್ ಏರುವುದಿಲ್ಲ. ಕೊಳವೆಯ ಉದ್ದ ಬದಲಿಸದೆ ತುಟಿಯಿಂದಲೇ ಒಂದರ ಮೇಲೊಂದಾಗಿ ತೆಗೆಯುವ ಸ್ವರಗಳಿಗೆ ಅನುಸ್ವರ ಎನ್ನೋಣ. ಅದು ಐದನೆಯ ಅನುಸ್ವರದ ಮೇಲೆ ನಿಂತಿದೆ, ಆ ಅನುಸ್ವರವೇ 14 ಸೆಂಟ್ ಇಳಿದದ್ದು. ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ತುಂಬಿಕೊಡುತ್ತದೆ. ಹಾಗಾಗಿ ಬೆರಳು ನೋಡಿ ಸ್ವರದ ಗುಣ ಹೇಳಲಾಗದು, ಅದು ಯಾವ ಅನುಸ್ವರದ್ದು ಎಂದೂ ತಿಳಿದಿರಬೇಕು.

ಈಗ ಮುಖ್ಯ ಸ್ಲೈಡ್. ಅದನ್ನು 1 ಸೆಂಟಿಮೀಟರ್ ಎಳೆದರೆ ಕೊಳವೆ 2 ಸೆಂಟಿಮೀಟರ್ ಉದ್ದವಾಗಿ, ವಾಲ್ವ್ ಒತ್ತದ ಸ್ವರಗಳು ಸುಮಾರು 13 ಸೆಂಟ್ ಇಳಿಯುತ್ತವೆ. ಮೂರೂ ವಾಲ್ವ್ ಒತ್ತಿದ ಸಿ ಶಾರ್ಪ್ ಇಳಿಯುವುದು 9 ಸೆಂಟ್ ಮಾತ್ರ. ಆಗಲೇ ಅಷ್ಟು ಉದ್ದವಿರುವ ಕೊಳವೆಗೆ ಆ 2 ಸೆಂಟಿಮೀಟರ್ ಏನೂ ಅಲ್ಲ. ನೀವು ಸರಿ ಮಾಡಬೇಕೆಂದ ಸ್ವರ ಕಡಿಮೆ ಇಳಿಯಿತು, ಸರಿಯಾಗಿದ್ದ ಸ್ವರಗಳು ಹೆಚ್ಚು ಇಳಿದವು. ‘ಉಳಿದವೆಲ್ಲ ಇಳಿದುಹೋಗುತ್ತವೆ’ ಎಂದು ನೀವು ಬರೆದದ್ದು ಇದನ್ನೇ, ನಿಮ್ಮ ಕಿವಿ ಚೆನ್ನಾಗಿಯೇ ಇದೆ.

ಮೇಲಿನ ಜಿ, ಅದರ ಕೆಳಗಿನ ಎಫ್ ಶಾರ್ಪ್ ಮತ್ತು ಎಫ್, ಈ ಮೂರೂ ಆರನೆಯ ಅನುಸ್ವರದವು. ಯುಫೋನಿಯಂನ ಕೊಳವೆ ಬಾಯಿಯಿಂದ ಬೆಲ್‌ವರೆಗೆ ಅಗಲವಾಗುತ್ತಾ ಹೋಗುವ ರೀತಿಯಿಂದ ಈ ಮೂರು ಸ್ವರಗಳು ಬಹುತೇಕ ಎಲ್ಲ ವಾದ್ಯಗಳಲ್ಲೂ ಏರುತ್ತವೆ. ಹೆಚ್ಚು ಬೆಲೆಯ ಕೆಲವು ಯುಫೋನಿಯಂಗಳಲ್ಲಿ ಮುಖ್ಯ ಸ್ಲೈಡನ್ನು ಊದುತ್ತಿರುವಾಗಲೇ ಹೆಬ್ಬೆರಳಿನಿಂದ ಜರಗಿಸುವ ಸನ್ನೆ ಇಟ್ಟಿರುವುದು ಇವುಗಳಿಗಾಗಿ. ನಿಮಗೆ ಉಳಿದಿರುವುದು ಬಾಯಿಯ ಒಳಗಿನ ಜಾಗ. ಮೇಲಕ್ಕೆ ಹೋದಂತೆ ತುಟಿ ಬಿಗಿಹಿಡಿಯುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಬಿಗಿಹಿಡಿದಷ್ಟೂ ಜಿ ಇನ್ನೂ ಏರುತ್ತದೆ. ದವಡೆಯನ್ನು ಸಡಿಲ ಬಿಟ್ಟು ‘ಆ’ ಎನ್ನುವಾಗ ನಾಲಿಗೆ ಇರುವಲ್ಲಿ ನಾಲಿಗೆಯನ್ನಿಡಿ, ಉಸಿರಿನ ವೇಗ ಮಾತ್ರ ಕುಗ್ಗಬಾರದು. ಹಾರ್ಮೋನಿಯಂನಲ್ಲಿ ಬಿಳಿ ನಾಲ್ಕನ್ನು ಹಿಡಿದು ಜಿ ಊದಿದರೆ ಎರಡು ನಾದಗಳ ನಡುವೆ ಒಂದು ನಡುಕ ಕೇಳಿಸುತ್ತದೆ. ಸೆಕೆಂಡಿಗೆ ನಾಲ್ಕು ಬಾರಿ ನಡುಗಿದರೆ ನೀವು 20 ಸೆಂಟ್ ದೂರದಲ್ಲಿದ್ದೀರಿ, ಎರಡು ಬಾರಿಯಾದರೆ 10 ಸೆಂಟ್. ನಡುಕ ನಿಧಾನವಾಗುತ್ತಾ ಬಂದು ನಿಲ್ಲುವ ತನಕ ಇಳಿಸಿ, ನಿಂತಲ್ಲಿ ಒಂದು ಉಸಿರು ಪೂರ್ತಿ ಹಿಡಿಯಿರಿ. ದಿನಾ ಹತ್ತು ನಿಮಿಷ ಇಷ್ಟನ್ನೇ ಮಾಡಿದರೆ ತುಟಿಗೆ ಆ ಜಾಗ ರೂಢಿಯಾಗುತ್ತದೆ. ಎಫ್ ಸ್ವರವನ್ನು ಬೇಕಾದರೆ ಒಂದು ಮತ್ತು ಮೂರು ಒತ್ತಿ ಏಳನೆಯ ಅನುಸ್ವರದಿಂದಲೂ ತೆಗೆಯಬಹುದು. ಆ ಅನುಸ್ವರ 31 ಸೆಂಟ್ ಇಳಿದದ್ದು, ಮೂರನೆಯ ಸ್ಲೈಡ್ ಒಳಗಿದ್ದರೆ ಒಂದು–ಮೂರರ ಜೋಡಿ 30 ಸೆಂಟ್ ಏರಿದ್ದು, ಲೆಕ್ಕದಲ್ಲಿ ಎರಡೂ ಸರಿಹೋಗುತ್ತವೆ. ನಿಧಾನದ ಪದ್ಯಗಳಲ್ಲಿ ಪ್ರಯತ್ನಿಸಿ ನೋಡಿ, ವೇಗದಲ್ಲಿ ಅದು ಜಾರುತ್ತದೆ.

ಇನ್ನು ನಿಮ್ಮ ಇ ಸ್ವರ. ನನಗೆ ಹೆಚ್ಚು ಹೇಳಬೇಕೆನಿಸುವುದು ಇದರ ಬಗ್ಗೆಯೇ.

ಶಂಕರಾಭರಣ ಕಲಿತವರು ಯಾರಾದರೂ ಮನೆಯಲ್ಲಿ ಇದ್ದರೆ ತಂಬೂರಿ ಅಥವಾ ಶ್ರುತಿಪೆಟ್ಟಿಗೆಯ ಮುಂದೆ ಕೂರಿಸಿ ಸ, ಗ, ಪ ಹಾಡಿಸಿ. ಅವರು ಹಾಡುವ ಅಂತರ ಗಾಂಧಾರ ಷಡ್ಜಕ್ಕೆ 5:4ರ ಅನುಪಾತದಲ್ಲಿ ಬಂದು ಕೂರುತ್ತದೆ. ಕೀಬೋರ್ಡಿನ ಗಾಂಧಾರ ಅದಕ್ಕಿಂತ 14 ಸೆಂಟ್ ಮೇಲಿದೆ, ಏಕೆಂದರೆ ಕೀಬೋರ್ಡಿನಲ್ಲಿ ಹನ್ನೆರಡು ಅರ್ಧಸ್ವರಗಳನ್ನೂ ಸಮಪಾಲು ಮಾಡಿದ್ದಾರೆ. ಮೊಬೈಲ್ ಟ್ಯೂನರ್ ಅಳೆಯುವುದೂ ಆ ಸಮಪಾಲಿನ ಕೋಲಿನಿಂದಲೇ. ನಿಮ್ಮ ವಾದ್ಯದಲ್ಲಿ ವಾಲ್ವ್ ಒತ್ತದೆ ಊದುವ ಮೇಲಿನ ಇ ಐದನೆಯ ಅನುಸ್ವರ. ಅದು ಹುಟ್ಟಿನಿಂದಲೇ ಸಿ ಸ್ವರಕ್ಕೆ ಅಂತರ ಗಾಂಧಾರ, 14 ಸೆಂಟ್ ಕೆಳಗೆ, ಎಲ್ಲಿರಬೇಕೋ ಅಲ್ಲಿಯೇ ಇದೆ. ಟ್ಯೂನರಿನ ಮುಳ್ಳು ಎಡಕ್ಕೆ ವಾಲಿದ್ದನ್ನು ನೋಡಿ ನೀವು ಅದನ್ನು ಮೇಲೆತ್ತಿದಿರಿ. ಈಗ ಟ್ರಂಪೆಟ್‌ಗಳು ಸಿ ಮತ್ತು ಜಿ ಹಿಡಿದು ನಿಂತಾಗ ನಿಮ್ಮ ಇ ಸ್ವರದ ಮೇಲಿನ ನಾದಾಂಶಗಳು ಅವುಗಳ ಕೆಳಗಿನ ಸಿಯ ನಾದಾಂಶಗಳಿಗೆ ಸೆಕೆಂಡಿಗೆ ಸುಮಾರು 9 ಬಾರಿ ಬಡಿಯುತ್ತವೆ. ಕಚ್ಚುತ್ತದೆ ಎಂದು ನೀವು ಬರೆದ ಆ ಒರಟು ಅದೇ.

ಹಾಗಾದರೆ ಇ ಯಾವಾಗಲೂ ಕೆಳಗಿರಬೇಕೇ ಎಂದರೆ ಹಾಗಲ್ಲ. ಹಾಡು ಎ ಮೈನರ್‌ಗೆ ತಿರುಗಿ ನಿಮ್ಮ ಇ ಅಲ್ಲಿ ಪಂಚಮವಾದರೆ ಅದೇ ಸ್ವರ ಮೇಲೇರಬೇಕು. ಜೊತೆಗೆ ಕೀಬೋರ್ಡ್ ನುಡಿಯುತ್ತಿದ್ದರೆ ಅದರ ಮಟ್ಟಕ್ಕೇ ಹೋಗಬೇಕು, ಅದು ನಿಮಗಾಗಿ ಬಗ್ಗುವುದಿಲ್ಲ. ಆಗ ಒಂದು ಮತ್ತು ಎರಡನೆಯ ವಾಲ್ವ್ ಒತ್ತಿ ಊದಿ, ಇ ಎದ್ದು ಬರುತ್ತದೆ. ನಿಮ್ಮ ಹಾಳೆಯಲ್ಲಿ ಪ್ರತಿ ಉದ್ದದ ಸ್ವರದ ಮೇಲೆ ಅದು ಆ ಜಾಗದಲ್ಲಿ ಷಡ್ಜವೋ ಗಾಂಧಾರವೋ ಪಂಚಮವೋ ಎಂದು ಬರೆದುಕೊಳ್ಳಿ. ಸ, ಗ, ಪ ಎಂಬ ಒಂದೊಂದು ಅಕ್ಷರ ಸಾಕು. ನಮ್ಮ ಕರಾವಳಿಯ ಮಕ್ಕಳಿಗೆ ಬಯಲಾಟದ ಭಾಗವತಿಕೆಯಿಂದಲೋ ಭಜನೆಯಿಂದಲೋ ಶ್ರುತಿಗೆ ನಿಲ್ಲುವ ಕಿವಿ ಚಿಕ್ಕಂದಿನಲ್ಲೇ ಬಂದಿರುತ್ತದೆ. ಬ್ಯಾಂಡಿಗೆ ಸೇರಿದ ಮೇಲೆ ಅದನ್ನು ಬದಿಗಿಟ್ಟು ಮುಳ್ಳು ನೋಡಲು ಕಲಿಸುತ್ತೇವೆ, ಇದು ನನಗೆ ನಿಜವಾಗಿ ನೋವಿನ ಸಂಗತಿ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತವನ್ನು ತಂಬೂರಿಗೆ ಸೇರಿಸಿ ನುಡಿಸಿದರು. ಅದೂ ಸಮಪಾಲಿನ ಅರ್ಧಸ್ವರಗಳಿಗೆಂದು ಮಾಡಿದ ವಾದ್ಯವೇ. ಉಳಿದದ್ದನ್ನು ತುಟಿ, ಉಸಿರು, ಕಿವಿ ಮಾಡಿದವು.

ಹವೆಯ ವಿಷಯ ನೀವು ಕೇಳಿಲ್ಲ, ಆದರೆ ಕಾಸರಗೋಡಿನಲ್ಲಿ ಊದುವವರು ತಿಳಿದಿರಲೇಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ, ಕೊಳವೆಯ ಸ್ವರ 3 ಸೆಂಟ್ ಏರುತ್ತದೆ. ಬಾಯಿಯ ಹತ್ತಿರದ ಭಾಗವನ್ನು ನಿಮ್ಮ ಉಸಿರೇ ಬೆಚ್ಚಗಿಟ್ಟಿರುವುದರಿಂದ ಪೂರ್ತಿ ಅಷ್ಟಾಗುವುದಿಲ್ಲ. ಆದರೂ ಹೊರಗಿನ 32 ಡಿಗ್ರಿಯ ಸೆಕೆಯಲ್ಲಿ ಶ್ರುತಿ ಮಾಡಿ 22 ಡಿಗ್ರಿಯ ಎಸಿ ಸಭಾಂಗಣಕ್ಕೆ ಮದುವೆ ದಿಬ್ಬಣದ ಜೊತೆ ಹೊಕ್ಕರೆ ಇಡೀ ಬ್ಯಾಂಡ್ ಇಳಿಯುತ್ತದೆ, ಅಲ್ಲಿನ ಕೀಬೋರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ. ಮುಖ್ಯ ಸ್ಲೈಡಿಗೆ ಕೆಲಸವಿರುವುದು ಆಗ. ಒಳಗೆ ಹೋದ ಮೇಲೆ, ಊದಲು ಶುರುಮಾಡುವ ಮೊದಲು ಒಮ್ಮೆ ಸರಿಪಡಿಸಿಕೊಳ್ಳಿ. ಕಲೋತ್ಸವದ ಬ್ಯಾಂಡ್ ಮೇಳಕ್ಕೆ ಮಕ್ಕಳನ್ನು ತಯಾರು ಮಾಡುವವರಿಗೂ ಇದೇ ಮಾತು. ಬಿಸಿಲಲ್ಲಿ ಸಾಲಾಗಿ ಕಾಯುತ್ತಿರುವಾಗ ವಾದ್ಯದ ಹಿತ್ತಾಳೆ ಕಾದಿರುತ್ತದೆ, ಬೆಳಗ್ಗೆ ಕೋಣೆಯಲ್ಲಿ ಮಾಡಿದ ಶ್ರುತಿ ಅಲ್ಲಿ ಉಳಿದಿರುವುದಿಲ್ಲ.

ಸ್ಲೈಡ್ ಅಲುಗುವುದೇ ಇಲ್ಲವೆಂದಾದರೆ ಕಡಲ ಗಾಳಿ ಮತ್ತು ಮಳೆಗಾಲ ಸೇರಿ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಇಕ್ಕುಳ ಹಾಕಿ ಎಳೆಯಬೇಡಿ, ತೆಳು ಹಿತ್ತಾಳೆ ತಿರುಚಿದರೆ ಮತ್ತೆ ನೇರವಾಗುವುದಿಲ್ಲ. ಸಂದಿಗೆ ತೆಳುವಾದ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಬಟ್ಟೆಯ ಪಟ್ಟಿಯನ್ನು ಬಾಗಿನ ಒಳಗೆ ತೂರಿಸಿ ನಿಧಾನವಾಗಿ ಎಳೆದು ನೋಡಿ. ಆಗಲೂ ಬಾರದಿದ್ದರೆ ರಿಪೇರಿಯವರ ಬಳಿಗೆ ಒಯ್ಯಿರಿ. ಎಳೆಯುವಾಗ ಆ ವಾಲ್ವನ್ನು ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಒಳಗೆ ಗಾಳಿ ಎಳೆತ ಹುಟ್ಟುತ್ತದೆ. ಬಂದ ಮೇಲೆ ಒರೆಸಿ ಸ್ಲೈಡ್ ಗ್ರೀಸ್ ಹಚ್ಚಿ. ವಾಲ್ವುಗಳಿಗೆ ವಾಲ್ವ್ ಆಯಿಲನ್ನೇ ಹಾಕಿ. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆ ಬೇಡವೇ ಬೇಡ. ಕೆಲವು ವಾರಗಳಲ್ಲಿ ಅದು ಅಂಟಾಗಿ ಧೂಳು ಹಿಡಿದು ಪಿಸ್ಟನ್ ಏಳುವುದನ್ನೇ ತಡೆಯುತ್ತದೆ.

ವಾಲ್ವಿನ ಫೆಲ್ಟ್, ಅಂದರೆ ಒತ್ತಿದ ವಾಲ್ವನ್ನು ತಡೆದು ನಿಲ್ಲಿಸುವ ಮೆತ್ತೆ, ಸವೆದಿದೆಯೇ ಎಂದೂ ನೋಡಿ. ಎರಡನೆಯ ಸ್ಲೈಡನ್ನು ಪೂರ್ತಿ ಹೊರತೆಗೆದು, ಆ ವಾಲ್ವನ್ನು ಒತ್ತಿ ಹಿಡಿದು, ಟಾರ್ಚ್ ಹಾಕಿ ಕೊಳವೆಯೊಳಗೆ ಇಣುಕಿ. ಪಿಸ್ಟನ್ನಿನ ತೂತು ಮತ್ತು ಕೊಳವೆಯ ಬಾಯಿ ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು. ಪಿಸ್ಟನ್ ಹೆಚ್ಚು ಕೆಳಗಿಳಿದು ಅಂಚಿನಲ್ಲಿ ಚಂದ್ರಕಲೆಯಂತೆ ಹಿತ್ತಾಳೆ ಕಾಣಿಸಿದರೆ ಫೆಲ್ಟ್ ಸವೆದು ತೆಳುವಾಗಿದೆ ಎಂದರ್ಥ, ಆ ವಾಲ್ವಿನ ಸ್ವರಗಳು ಉಸಿರುಗಟ್ಟಿದಂತೆ ಬರುತ್ತವೆ. ಹೊಸ ಫೆಲ್ಟ್ ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮೌತ್‌ಪೀಸ್ ಬೇರೆ ವಾದ್ಯದ್ದಾಗಿದ್ದು, ಕಾಗದವನ್ನೋ ನೂಲನ್ನೋ ಸುತ್ತಿ ಕೂರಿಸಿದ್ದರೆ ಮೇಲೆ ಹೇಳಿದ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನಿಮ್ಮ ವಾದ್ಯದ ಅಳತೆಯದ್ದನ್ನೇ ತನ್ನಿ.

ಕೊನೆಗೆ ನಾಲ್ಕು ವಾಲ್ವಿನ ಪ್ರಶ್ನೆ. ನಾಲ್ಕನೆಯ ವಾಲ್ವ್ ಒಂಟಿಯಾಗಿಯೇ ಐದು ಅರ್ಧಸ್ವರ ಇಳಿಸುತ್ತದೆ, ಹಾಗಾಗಿ ಡಿ ಪೂರ್ತಿ ಸರಿಯಾಗುತ್ತದೆ. ಎರಡು ಮತ್ತು ನಾಲ್ಕು ಒತ್ತಿದ ಸಿ ಶಾರ್ಪ್ ಇನ್ನೂ 25ರಷ್ಟು ಸೆಂಟ್ ಏರಿರುತ್ತದೆ, ಆದರೂ 54ಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಇದನ್ನೂ ನೀಗಿಸಲು ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ 1870ರ ದಶಕದಲ್ಲಿ ಒಂದು ಉಪಾಯಕ್ಕೆ ಪೇಟೆಂಟ್ ಪಡೆದರು. ಕೊನೆಯ ವಾಲ್ವ್ ಒತ್ತಿದಾಗ ಗಾಳಿ ಉಳಿದ ವಾಲ್ವುಗಳ ಮೂಲಕ ಮತ್ತೊಮ್ಮೆ ಹಾದು, ಚಿಕ್ಕ ಚಿಕ್ಕ ಹೆಚ್ಚುವರಿ ಕೊಳವೆಗಳಿಂದ ಕೊರತೆಯ ಉದ್ದವನ್ನು ತಾನಾಗಿ ಪಡೆಯುತ್ತದೆ. ಕಾಂಪೆನ್ಸೇಟಿಂಗ್ ಎಂದು ಕರೆಯುವ ವಾದ್ಯ ಇದೇ. ಇದರಲ್ಲಿ ತೂಕ ಹೆಚ್ಚು, ಬೆಲೆ ಬಹಳ ಹೆಚ್ಚು. ಇಗರ್ಜಿ ಬ್ಯಾಂಡಿಗೆ, ಮೊಂತಿ ಹಬ್ಬದ ಮೆರವಣಿಗೆಗೆ, ಮದುವೆಗಳಿಗೆ ಊದುವವರಿಗೆ ಅದು ಅನಿವಾರ್ಯ ಎಂದು ನಾನು ಹೇಳಲಾರೆ. ಮೊದಲು ಈಗಿರುವ ವಾದ್ಯದ ಮೂರನೆಯ ಸ್ಲೈಡ್ ಬಿಡಿಸಿ, ಫೆಲ್ಟ್ ಬದಲಿಸಿ, ಒಂದು ಮಳೆಗಾಲವಿಡೀ ಶ್ರುತಿಯ ಜೊತೆ ಊದಿ ನೋಡಿ. ಆಮೇಲೂ ಬೇಕೆನಿಸಿದರೆ ಹಳೆಯದಾದರೂ ಒಳ್ಳೆಯ ನಾಲ್ಕು ವಾಲ್ವಿನದನ್ನು ಹುಡುಕಿ.

ಕೊಳ್ಳಲು ಹೋಗುವಾಗ ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು ಹೋಗಿ. ಎಲ್ಲ ಸ್ಲೈಡುಗಳನ್ನೂ ಎಳೆದು ನೋಡಿ. ಆಮೇಲೆ ಮೇಲಿನ ಜಿ, ಎಫ್ ಶಾರ್ಪ್, ಎಫ್ ಊದಿ. ಕೆಳಗಿನ ಡಿ ತುಸು ಏರಿದ್ದರೆ ಅದರಿಂದ ವಾದ್ಯವನ್ನು ಬಿಡಬೇಕಿಲ್ಲ, ಅದನ್ನು ಸ್ಲೈಡಿನಿಂದ ಸರಿಪಡಿಸಬಹುದು. ದವಡೆ ಸಡಿಲ ಬಿಟ್ಟರೂ ಆ ಮೂರು ಮೇಲಿನ ಸ್ವರಗಳ ನಡುಕ ನಿಲ್ಲದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಆ ವಾದ್ಯವನ್ನು ಅಲ್ಲೇ ಬಿಟ್ಟು ಬನ್ನಿ.